ಸೋಲುವ ಕ್ಲಬ್ಬಿಗೆ ಗಿರಾಕಿ ಬಂದಾಗ

ಗೆಲ್ಲುವ ಕ್ಲಬ್ಬಿನ ಅಭಿಮಾನಿಗಳ ಹತ್ತಿರ ತೋರಿಸಿಕೊಳ್ಳಲು ಟ್ರೋಫಿಗಳಿರುತ್ತವೆ. ಸೋಲುವ ಕ್ಲಬ್ಬಿನವರ ಹತ್ತಿರ ಇರುವುದು ಹೇಳಿಕೊಳ್ಳಲು ಒಂದಿಷ್ಟು ಪ್ರಸಂಗಗಳು ಮಾತ್ರ. ಆ ಲೆಕ್ಕದಲ್ಲಿ ನಾವು ಭಾರೀ ಶ್ರೀಮಂತರು. ಒಂದನ್ನು ಹೇಳಿ ನಕ್ಕು ಮುಗಿಸುವಷ್ಟರಲ್ಲಿ ಇನ್ನೊಂದು ನಡೆದೇಬಿಟ್ಟಿರುತ್ತಿತ್ತು.

ಎಪ್ಪತ್ತರ ದಶಕ ಮುಗಿದು ಎಂಬತ್ತು ಕಾಲಿಡುತ್ತಿದ್ದ ಕಾಲ. ನಾನು ಮದ್ರಾಸಿನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಮೈಸೂರು ಕಡೆಯವನು. ಮೈಲಾಪೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಮೇಲಿನ ಮಹಡಿಯಲ್ಲಿ ಧಾರವಾಡದ ಒಬ್ಬ ನಿವೃತ್ತ ರೈಲ್ವೆ ಗಾರ್ಡ್ ತಮ್ಮ ಹೆಂಡತಿಯ ಜೊತೆ ಇದ್ದರು. ಗಾರ್ಡ್ ಸಾಹೇಬರು ಒಂದು ಫುಟ್‌ಬಾಲ್ ಕ್ಲಬ್ಬಿನ ಸೆಕ್ರೆಟರಿ. ಕನ್ನಡ ಮಾತಾಡುವವನೊಬ್ಬ ಸಿಕ್ಕ ಎಂಬ ಒಂದೇ ಕಾರಣಕ್ಕೆ ನಾನು ಬಂದ ಮೊದಲ ಭಾನುವಾರವೇ ಮೈದಾನಕ್ಕೆ ಎಳೆದುಕೊಂಡು ಹೋದರು. ಅವತ್ತು ಕ್ಲಬ್ಬು ಸೋತಿತು. ಅಯ್ಯೋ ಪಾಪ ಅನ್ನಿಸಿ ಮುಂದಿನ ವಾರವೂ ಹೋದೆ. ಆಮೇಲೆ ಬಿಡಲು ಆಗಲೇ ಇಲ್ಲ.

ಕ್ಲಬ್ಬು ಇದ್ದದ್ದು ಎರಡನೇ ಡಿವಿಜನ್ನಿನ ತಳದಲ್ಲಿ. ಖರ್ಚು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ತೀರಿಕೊಂಡರು. ಅವರ ಮಕ್ಕಳು, "ಅಪ್ಪನ ಹುಚ್ಚು ಅಪ್ಪನ ಜೊತೆಗೇ ಹೋಯಿತು" ಎಂದು ಕೈ ತೊಳೆದುಕೊಂಡರು. ಯಾರಾದರೂ ಕ್ಲಬ್ಬನ್ನು ಕೊಂಡುಕೊಳ್ಳಬೇಕು, ಇಲ್ಲವಾದರೆ ಮುಂದಿನ ಸೀಸನ್ನಿಗೆ ಹೆಸರು ಕೊಡದೆ ಮುಚ್ಚಬೇಕು ಎಂಬಲ್ಲಿಗೆ ಬಂತು. ರೈಲು ಬಿಟ್ಟ ಮೇಲೆ ಗಾರ್ಡ್ ಸಾಹೇಬರಿಗೆ ಇದ್ದದ್ದು ಅದೊಂದೇ. ಅದೂ ನಿಂತುಹೋದರೆ ಈ ಮನುಷ್ಯ ಏನಾಗುತ್ತಾರೋ ಎಂದು ನನಗೆ ನಿಜವಾಗಿಯೂ ಭಯವಿತ್ತು.

ಪ್ರಾಣ ಕೊಡಲು ಬಂದವರು

ಪಂದ್ಯ ಮುಗಿದ ಮೇಲೆ ಮೈದಾನದ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಸೋಲಿಗೆ ಕಾರಣ ಹುಡುಕುವುದು ನಮ್ಮ ಪದ್ಧತಿ. ಆ ವರ್ಷ ಕಾರಣ ಹುಡುಕುವುದನ್ನು ಬಿಟ್ಟು ಮಾರಾಟದ ಮಾತು ಹಿಡಿದೆವು.

ನಮ್ಮಲ್ಲಿ ಮಂಗಳೂರಿನ ಒಬ್ಬ ಬ್ಯಾಂಕಿನವರಿದ್ದರು. ಕಾಫಿಗೆ ಸಕ್ಕರೆ ಹಾಕುವಾಗಲೂ ಕಾನೂನು ನೋಡುವ ಮನುಷ್ಯ. ಅವರು ಶುರು ಮಾಡಿದರು: "ಎಂತ ಮಾರಾಯ್ರೆ, ಮಾರ್ಲಿಕ್ಕೆ ಮೊದ್ಲು ಅದು ಯಾರದ್ದು ಅಂತ ಗೊತ್ತಾಗ್ಬೇಕಲ್ಲ?"

ಅಷ್ಟೇ ಸಾಕಾಯಿತು. ಗೋಲಿನ ಬಲೆ ಕೊಡಿಸಿದವರು ಕ್ಲಬ್ಬು ತಮ್ಮದೆಂದರು. ಚೆಂಡು ಕೊಡಿಸಿದವರು, ಚೆಂಡಿಲ್ಲದೆ ಬಲೆಯಲ್ಲಿ ಮೀನು ಹಿಡಿಯುತ್ತೀರಾ ಎಂದರು. ನಮ್ಮ ಗೋಲ್‌ಕೀಪರ್ ಪೆರಂಬೂರಿನ ತಮಿಳು ಹುಡುಗ. ಅವನು ಬೋಂಡಾ ಬಾಯಲ್ಲಿಟ್ಟುಕೊಂಡೇ, "ಎಲ್ಲರ ಕೈಲಿ ಬೈಸಿಕೊಳ್ಳೋನು ನಾನು, ನನಗೆ ಪಾಲಿಲ್ಲವಾ ಸಾರ್?" ಎಂದು ತಮಿಳಿನಲ್ಲಿ ಕೇಳಿದ.

ಆಗ ಮೇಜಿನ ತುದಿಯಲ್ಲಿ ಕೂತಿದ್ದ ಒಬ್ಬರು ಎದ್ದು ನಿಂತರು. ಬಿಳಿ ಶರಟು, ಕಂಕುಳಲ್ಲಿ ಕೊಡೆ. "ಹೆತ್ತ ತಾಯಿಯನ್ನು ಯಾರಾದರೂ ಮಾರುತ್ತಾರಾ? ಮಾರಾಟವಂತೆ, ಮಾರಾಟ! ನನ್ನ ಪ್ರಾಣ ಹೋದರೂ ಬಿಡುವುದಿಲ್ಲ!" ಎಂದು ತಮಿಳಿನಲ್ಲಿ ಗುಡುಗಿದರು. ಹೋಟೆಲಿನ ಮಾಣಿ ಕೂಡ ಟ್ರೇ ಹಿಡಿದುಕೊಂಡು ನಿಂತುಬಿಟ್ಟ. ಅಂಥ ಭಾಷಣ ನಾನು ಚುನಾವಣೆಯಲ್ಲೂ ಕೇಳಿರಲಿಲ್ಲ. ಗಾರ್ಡ್ ಸಾಹೇಬರು ಕಣ್ಣೊರೆಸಿಕೊಂಡು ಅವರಿಗೊಂದು ಕಾಫಿ ಹೇಳಿದರು, "ನೀವು ನಮ್ಮ ಕಮಿಟಿಗೆ ಬರಲೇಬೇಕು" ಎಂದು ಎರಡೂ ಕೈ ಹಿಡಿದುಕೊಂಡರು.

ಅಷ್ಟರಲ್ಲಿ ಹೊರಗೆ ಬಸ್ಸು ಬಂತು. ಅವರು ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, ಕೊಡೆ ಸರಿಮಾಡಿಕೊಂಡು ಬಾಗಿಲ ಹತ್ತಿರ ನಿಂತು ಕೇಳಿದರು: "ಅದಿರಲಿ ಸಾರ್, ಇದು ಯಾವ ಕ್ಲಬ್ಬು? ಕೇರಂ ಕ್ಲಬ್ಬಾ?"

ಗೆದ್ದ ಅಂಗಿಗಳು

ಇದು ಸ್ವಲ್ಪ ಹಿಂದಿನ ಮಾತು. ಇದನ್ನು ಹೇಳದೆ ಮುಂದಿನದನ್ನು ಹೇಳಲು ಬರುವುದಿಲ್ಲ.

ನಮ್ಮ ತಂಡದ್ದು ಬಿಳಿ ಅಂಗಿ, ಎದೆಯ ಮೇಲೊಂದು ಹಸಿರು ಪಟ್ಟಿ. ಮೊದಲೆಲ್ಲ ಪಂದ್ಯ ಮುಗಿದ ಮೇಲೆ ಅವನ್ನು ದೋಬಿಗೆ ಹಾಕುತ್ತಿದ್ದರು. ಒಂದು ಶನಿವಾರ ಸಂಜೆ ನಾನೂ ಗಾರ್ಡ್ ಸಾಹೇಬರೂ ಪೆರಂಬೂರಿನ ಕಡೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ದಾರಿಯ ಬಯಲೊಂದರಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಸಾಹೇಬರು ಕಿಟಕಿಯಿಂದ ಅರ್ಧ ಹೊರಗೆ ಬಾಗಿ, "ನಮ್ಮ ಅಂಗಿ!" ಎಂದು ಕೂಗಿದರು. ನಾನು ನಂಬಲಿಲ್ಲ. ಆದರೆ ಏಳನೇ ನಂಬರಿನ ಬೆನ್ನ ಮೇಲೆ ಅವರ ಹೆಂಡತಿ ತಮ್ಮ ಹಳೇ ಸೀರೆಯ ತುಂಡಿನಿಂದ ಹಾಕಿದ್ದ ತೇಪೆ ಅಷ್ಟು ದೂರಕ್ಕೂ ಕಾಣುತ್ತಿತ್ತು.

ಸಾಹೇಬರ ಜೇಬಿನಲ್ಲಿ ಡ್ಯೂಟಿಯ ಕಾಲದ ಸೀಟಿ ಯಾವಾಗಲೂ ಇರುತ್ತಿತ್ತು. ತೆಗೆದು ಊದಿಯೇಬಿಟ್ಟರು. ಮದ್ರಾಸಿನ ಬಸ್ಸು ನಿಲ್ಲುವುದೂ ಹೊರಡುವುದೂ ಕಂಡಕ್ಟರನ ಸೀಟಿಗೆ. ಡ್ರೈವರ್ ನಡುರಸ್ತೆಯಲ್ಲೇ ಬ್ರೇಕು ಹಾಕಿದ. ಕಂಡಕ್ಟರ್ ಬಾಯಿಗೆ ಬಂದಂತೆ ಬೈಯುತ್ತಿರುವಾಗಲೇ ನಾವು ಇಳಿದು ಓಡಿದೆವು.

ಆಟ ನಿಲ್ಲಿಸಿ ಅಂಗಿ ಬಿಚ್ಚಿಸುತ್ತೇನೆಂದು ತೋಳು ಮಡಚಿಕೊಂಡೇ ಬಯಲಿಗಿಳಿದರು ಸಾಹೇಬರು. ಅದೇ ಹೊತ್ತಿಗೆ ಒಂಬತ್ತನೇ ನಂಬರಿನ ಹುಡುಗ ಇಬ್ಬರನ್ನು ದಾಟಿ ಗೋಲು ಹೊಡೆದ. ಸಾಹೇಬರು ಅಲ್ಲೇ ನಿಂತರು. ನೋಡುತ್ತಾ ನೋಡುತ್ತಾ ಕೂತರು. ಕೊನೆಗೆ ಚಪ್ಪಾಳೆ ಹೊಡೆಯತೊಡಗಿದರು. ನಮ್ಮ ಅಂಗಿ ಗೆದ್ದದ್ದನ್ನು ಅವರು ನೋಡದೆ ಬಹಳ ದಿನವಾಗಿತ್ತು.

ವಿಷಯ ಇಷ್ಟೆ. ದೋಬಿ ನಮ್ಮ ಅಂಗಿಗಳನ್ನು ಶನಿವಾರ ಬಾಡಿಗೆಗೆ ಬಿಟ್ಟು, ಒಗೆದು ಇಸ್ತ್ರಿ ಮಾಡಿ ಭಾನುವಾರ ನಮಗೆ ತಂದುಕೊಡುತ್ತಿದ್ದ. ಮರುದಿನ ಅವನು ಗಂಟು ತಂದಾಗ ಸಾಹೇಬರ ಹೆಂಡತಿ ಅವನ ಜನ್ಮ ಜಾಲಾಡಿದರು. ತಂಡದ ಹುಡುಗರೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. "ಇನ್ನ ಈ ಮನ್ಯಾಗ ದೋಬಿ ಅನ್ನೋ ಶಬ್ದ ಯಾರರ ಎತ್ತಿದ್ರ ನೋಡ್ರಿ ಮತ್ತ!" ಎಂದು ಅಕ್ಕ ಅಂದೇ ಒಗೆತವನ್ನು ತಮ್ಮ ಕೈಗೆ ತೆಗೆದುಕೊಂಡರು.

ದೋಬಿ ಮೆಟ್ಟಿಲಿಳಿದು ಓಡಿದ. ಸಾಹೇಬರೂ ಹಿಂದೆಯೇ ಓಡಿದರು. ಹೊಡೆದುಗಿಡೆದಾರು ಎಂದು ನಾನು ಬೆನ್ನು ಹತ್ತಿದೆ. ಬೀದಿಯ ತಿರುವಿನಲ್ಲಿ ಅವನ ಭುಜ ಹಿಡಿದು, ಅಕ್ಕನಿಗೆ ಕೇಳದ ಹಾಗೆ ಮೆಲ್ಲಗೆ ಕೇಳುತ್ತಿದ್ದರು: "ಆ ಒಂಬತ್ತನೇ ನಂಬರಿನ ಅಂಗಿ ಹಾಕ್ಕೊಂಡಿದ್ನಲ್ಲಪಾ, ಅವನ ಮನಿ ಎಲ್ಲೈತಿ?"

ರಾಹುಕಾಲದ ಗಿರಾಕಿ

ಮೊದಲು ಕ್ಲಬ್ಬು ಕೇಳಿಕೊಂಡು ಬಂದವರು ಟಿ. ನಗರದ ಪಾತ್ರೆ ಅಂಗಡಿಯ ಮಾಲೀಕರು. ತುಂಬ ಒಳ್ಳೆಯವರು, ತುಂಬ ದೈವಭಕ್ತರು. ಎಲ್ಲಕ್ಕೂ ಒಪ್ಪಿದರು. "ಒಂದು ಪಂದ್ಯ ನೋಡಿ ಕೈ ಮೇಲೆ ಕೈ ಹಾಕುತ್ತೇನೆ" ಎಂದರು. ಪಂದ್ಯ ಭಾನುವಾರ ಸಂಜೆ ನಾಲ್ಕೂವರೆಗೆ ಎಂದಾಗ ಅವರ ಮುಖ ಕಪ್ಪಿಟ್ಟಿತು. ಭಾನುವಾರ ನಾಲ್ಕೂವರೆಯಿಂದ ಆರರ ತನಕ ರಾಹುಕಾಲ. ಅಷ್ಟು ವರ್ಷ ನಮ್ಮ ಆಟವೆಲ್ಲ ಅದರೊಳಗೇ ನಡೆದುಹೋಗಿತ್ತು, ನಮಗೆ ಗೊತ್ತೇ ಇರಲಿಲ್ಲ.

ಹೋಟೆಲಿನಲ್ಲಿ ದೊಡ್ಡ ಚರ್ಚೆಯಾಯಿತು. ಇಷ್ಟು ದಿನದ ಸೋಲಿಗೆ ಕೊನೆಗೂ ಕಾರಣ ಸಿಕ್ಕಿತೆಂದು ಅರ್ಧ ಜನ ಕುಣಿದಾಡಿದರು. ಬ್ಯಾಂಕಿನವರು ಮಾತ್ರ ಒಪ್ಪಲಿಲ್ಲ. "ರಾಹು ಎರಡು ಟೀಮಿಗೂ ಒಬ್ಬನೇ ಅಲ್ವಾ ಮಾರಾಯ್ರೆ? ಅವರು ಹೇಗೆ ಗೆಲ್ಲುದು ಹಾಗಾದ್ರೆ?" ಎಂದು ಕೇಳಿದರು. ಕುಣಿದಾಡಿದವರು ಕೂತು ಇನ್ನೊಂದು ಕಾಫಿ ಹೇಳಿದರು.

ಭಾನುವಾರ ಅಂಗಡಿ ಮಾಲೀಕರು ಬಂದರು. ಆದರೆ ಆರು ಹೊಡೆಯುವ ತನಕ ಮೈದಾನದೊಳಗೆ ಕಾಲಿಡುವುದಿಲ್ಲವೆಂದು ಹೊರಗೆ ಕಾರಿನಲ್ಲೇ ಕಣ್ಣು ಮುಚ್ಚಿ ಕೂತರು. ಒಳಗೆ ಏನಾಯಿತೋ ಏನೋ, ನಮ್ಮವರು ಗೆದ್ದುಬಿಟ್ಟರು. ಎದುರಾಳಿಗಳಿಗಿಂತ ನಮಗೇ ಹೆಚ್ಚು ಗಾಬರಿ. ಸಾಹೇಬರು ಚಪ್ಪಲಿ ಬಿಟ್ಟು ಕಾರಿನ ತನಕ ಓಡಿ ಸುದ್ದಿ ಹೇಳಿದರು.

ಅಂಗಡಿ ಮಾಲೀಕರು ನಿಟ್ಟುಸಿರು ಬಿಟ್ಟರು. "ಎಂಥ ಕೆಲಸ ಮಾಡಿದಿರಿ ಸಾರ್! ಸೋತಿದ್ದರೆ ತಪ್ಪು ರಾಹುವಿನದು ಅಂತ ಧೈರ್ಯವಾಗಿ ಕೊಂಡುಕೊಳ್ಳುತ್ತಿದ್ದೆ. ರಾಹುಕಾಲದಲ್ಲಿ ಗೆದ್ದ ಕ್ಲಬ್ಬನ್ನು ಹೇಗೆ ಮನೆಗೆ ತರಲಿ?" ಎಂದು ಹೊರಟೇಹೋದರು.

ವರ್ಷವಿಡೀ ಸೋತವರು ನಾವು. ಬೇಕಾದ ಒಂದು ದಿನ ಸೋಲಲು ಬರಲಿಲ್ಲ.

ಕನ್ಯಾ ನೋಡಲು ಬಂದ ಸೇಠ್

ಸೀಸನ್ ಮುಗಿಯಿತು. ಸಾಹೇಬರ ಊಟ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು. ಸಂಜೆ ಸುಮ್ಮನೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಹೆಸರು ಕೊಡುವ ಗಡುವು ಹತ್ತಿರ ಬಂದಾಗ ಸೌಕಾರ್‌ಪೇಟೆಯಿಂದ ಒಬ್ಬ ಬಟ್ಟೆ ವ್ಯಾಪಾರಿ ಸೇಠ್ ಹೇಳಿಕಳಿಸಿದರು: ಕ್ಲಬ್ಬು ಕೊಳ್ಳುವ ಮನಸ್ಸಿದೆ, ಭಾನುವಾರ ಬೆಳಿಗ್ಗೆ ನೋಡಲು ಬರುತ್ತೇನೆ.

ನೋಡಲು ಏನಿತ್ತು? ಸ್ವಂತ ಮೈದಾನವಿಲ್ಲ, ಆಫೀಸಿಲ್ಲ. ಇದ್ದದ್ದು ಸಾಹೇಬರು ರೈಲಿನಲ್ಲಿ ಒಯ್ಯುತ್ತಿದ್ದ ಕರೀ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಅಂಗಿಗಳು. ಆದರೂ ಅಕ್ಕ ಮನೆಯನ್ನು ತೊಳೆದು ಬಳಿದು, ಶಿರಾ ಉಪ್ಪಿಟ್ಟು ಮಾಡಿ, ಚಾಪೆ ಹಾಸಿ ಕಾದರು. ಪೆಟ್ಟಿಗೆಗೆ ಕುಂಕುಮ ಕೂಡ ಹಚ್ಚಿದ್ದರು. "ಈ ಪೀಡಾ ಒಮ್ಮೆ ತೊಲಗಿದ್ರ ಸಾಕಾಗೈತಿ ನನಗ" ಎಂದು ಅವರು ದಿನಾ ಗೊಣಗುತ್ತಿದ್ದರಿಂದ, ಅಕ್ಕನಿಗೆ ಖುಷಿಯಾಗಿದೆ ಎಂದೇ ನಾವೆಲ್ಲ ತಿಳಿದೆವು. ಗಂಡಿನ ಕಡೆಯವರು ಬರುವ ಮನೆಯಂತೆ ನಾನು, ಬ್ಯಾಂಕಿನವರು, ಗೋಲ್‌ಕೀಪರ್ ಸಾಲಾಗಿ ಕೂತಿದ್ದೆವು.

ಸೇಠ್ ಬಂದರು. ಅವರ ಮಾವನ ಅಂಗಡಿ ಹುಬ್ಬಳ್ಳಿಯಲ್ಲಂತೆ, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಶಿರಾದ ತಟ್ಟೆ ಕೈಗೆ ಬಂದ ಮೇಲೆ, "ಮಾಲು ತೋರಸ್ರಿ ಅಕ್ಕಾರ" ಎಂದರು. ಅಕ್ಕ ಪೆಟ್ಟಿಗೆ ತೆರೆದು ಒಂದು ಅಂಗಿ ಮುಂದಿಟ್ಟರು. ಸೇಠ್ ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಅರಿವಿ ಹಳೇದೈತಿ. ಆದ್ರ ಏನ್ ಒಗೆತ್ರಿ ಇದು! ಎಲ್ಲೂ ಒಂದು ಕಲೆ ಇಲ್ಲ!"

ಅಕ್ಕನ ಮುಖ ಅರಳಿತು. ಮುಂದೆ ಬಂದು ಕೂತು ವಿಚಾರಣೆ ಶುರು ಮಾಡಿದರು. "ಸೋತು ಬಂದ್ರ ಹುಡುಗುರಿಗೆ ಬೈತೀರೇನು?"

"ಇಲ್ರಿ. ವ್ಯಾಪಾರದಾಗ ಲಾಭ ನುಕ್ಸಾನ ಎರಡೂ ಇರತೈತಿ."

"ಈ ಗೋಲ್ ಕಾಯೋ ಹುಡುಗಗ ಖಾರ ಆಗಿಬರಂಗಿಲ್ಲ. ಊಟಾ ಯಾರು ನೋಡ್ಕೋತಾರ?"

"ನಮ್ಮ ಮನ್ಯಾಗ ತುಪ್ಪದ ಅಡಗೀರಿ."

ಗೋಲ್‌ಕೀಪರನಿಗೆ ತುಪ್ಪ ಎಂಬುದೊಂದು ಅರ್ಥವಾಗಿ ಕಣ್ಣು ಮಿನುಗಿತು. ಬ್ಯಾಂಕಿನವರು ನನ್ನ ಕಿವಿಯಲ್ಲಿ, "ಆಯ್ತು ಮಾರಾಯ್ರೆ, ಇದು ಪಕ್ಕಾ" ಎಂದರು. ಸಾಹೇಬರು ಉಸಿರು ಬಿಗಿಹಿಡಿದು ಗೋಡೆಗೊರಗಿ ನಿಂತಿದ್ದರು.

"ಮತ್ತ ಈ ಅಂಗಿ ಯಾರು ಒಗೀತಾರ?"

ಸೇಠ್ ಚಮಚ ಎತ್ತುತ್ತಾ ನಕ್ಕರು. "ಅದೇನ್ ದೊಡ್ಡ ಮಾತ್ರಿ ಅಕ್ಕಾರ? ದೋಬಿಗೆ ಹಾಕತೇವಿ."

ಬ್ಯಾಂಕಿನವರು ಹಣೆಗೆ ಕೈ ಹಚ್ಚಿಕೊಂಡರು. ಮುಂದೇನಾಗುತ್ತದೆಂದು ಗೊತ್ತಿದ್ದ ಗೋಲ್‌ಕೀಪರ್ ತನ್ನ ತಟ್ಟೆಯಲ್ಲಿದ್ದ ಶಿರಾವನ್ನೆಲ್ಲ ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡ.

ಅಕ್ಕ ಎದ್ದು ಸೇಠ್‌ರ ಕೈಯಿಂದ ತಟ್ಟೆ ತೆಗೆದುಕೊಂಡರು. ಚಮಚ ಮಾತ್ರ ಸೇಠ್‌ರ ಕೈಯಲ್ಲೇ ಉಳಿಯಿತು. ಆಮೇಲೆ ಪೆಟ್ಟಿಗೆಯ ಮುಚ್ಚಳ ಧಡ್ಡನೆ ಹಾಕಿ, ಅದರ ಮೇಲೇ ಕೂತು ಹೇಳಿದರು: "ನಮ್ಮ ಕೂಸಿಗೆ ಇಷ್ಟು ಲಗೂ ಲಗ್ನ ಮಾಡಂಗಿಲ್ರಿ."

ಸಾಹೇಬರಿಗೆ ತಡೆಯಲಾಗಲಿಲ್ಲ. "ಏನಿದು? ದಿನಾ ಪೀಡಾ ತೊಲಗಲಿ ಅಂದಾಕಿ ನೀನ ಅಲ್ಲೇನು?"

"ಹೌದು, ಅಂದೀನಿ. ನನ್ನ ಮನೀ ಪೀಡಾ, ನಾ ಅಂತೀನಿ. ಮಂದಿ ಕೈಗೆ ಕೊಟ್ಟುಬಿಡ್ರಿ ಅಂದೀನೇನು?" ಎಂದ ಅಕ್ಕನ ಕಣ್ಣಲ್ಲಿ ನೀರು ಬಂದಿತ್ತು. ಕ್ಲಬ್ಬು ಯಾರದೆಂದು ಬ್ಯಾಂಕಿನವರು ಅಷ್ಟು ದಿನ ಕೇಳಿದ್ದ ಪ್ರಶ್ನೆಗೆ ಉತ್ತರ ಪೆಟ್ಟಿಗೆಯ ಮೇಲೆ ಕೂತಿತ್ತು. ಅವರೂ ತಲೆಯಾಡಿಸಿದರು.

ಸೇಠ್ ಕೈಯಲ್ಲಿದ್ದ ಬರೀ ಚಮಚವನ್ನು ನೋಡಿಕೊಂಡರು. ಕೋಪ ಬರುತ್ತದೆ ಎಂದುಕೊಂಡೆ, ಆದರೆ ಹೊಟ್ಟೆ ಕುಲುಕುವಷ್ಟು ನಕ್ಕರು. "ಇಷ್ಟು ವರ್ಷ ವ್ಯಾಪಾರ ಮಾಡೀನಿ. ಮಾಲು ವಾಪಸ್ ತಗೊಂಡವರನ್ನ ಕಂಡೀನಿ. ಶಿರಾ ವಾಪಸ್ ತಗೊಂಡವರನ್ನ ಇವತ್ತ ಕಂಡೆ!" ಎಂದವರು, ಚಮಚವನ್ನು ಎತ್ತಿ ಹಿಡಿದು ಹೇಳಿದರು: "ಕ್ಲಬ್ ನಿಮ್ಮದ ಇರಲಿ ಅಕ್ಕಾರ. ಖರ್ಚು ನಾ ನೋಡ್ಕೋತೀನಿ. ನಮ್ಮ ಮಾವನ ಸೀಮಿ ಹೆಣ್ಮಗಳು ನೀವು. ಆದ್ರ ಆ ತಟ್ಟಿ ವಾಪಸ್ ಕೊಡ್ರಿ."

ಅಕ್ಕ ತಟ್ಟೆ ಕೊಟ್ಟರು. ಮೇಲೆ ಇನ್ನೊಂದು ಸೌಟು ಶಿರಾವನ್ನೂ ಹಾಕಿದರು. ಸಾಹೇಬರು ಕಿಟಕಿಯ ಕಡೆ ತಿರುಗಿಕೊಂಡು ಬಹಳ ಹೊತ್ತು ಮೂಗೊರೆಸಿಕೊಳ್ಳುತ್ತಿದ್ದರು.

ಹೊಸ ಸೀಸನ್ನಿನ ಮೊದಲ ಪಂದ್ಯಕ್ಕೆ ಸೇಠ್ ಬಂದು ನಮ್ಮ ಜೊತೆಗೇ ಕೂತರು. ಬಿಸಿಲಿನಲ್ಲಿ ನಮ್ಮ ಹುಡುಗರ ಅಂಗಿಗಳು ಕಣ್ಣು ಕುಕ್ಕುತ್ತಿದ್ದವು. ನಾವು ಎಂದಿನಂತೆ ಮನಃಪೂರ್ವಕವಾಗಿ ಸೋತೆವು. ಸಾಹೇಬರು ಸಂಕೋಚದಿಂದ ಕೈ ಹಿಸುಕಿಕೊಳ್ಳುತ್ತಾ ಕೇಳಿದರು: "ಹ್ಯಾಂಗನಿಸ್ತ್ರಿ ಸೇಠ್‌ಜಿ, ನಮ್ಮ ಟೀಮು?"

ಸೇಠ್ ಮೈದಾನದ ಕಡೆ ಇನ್ನೊಮ್ಮೆ ನೋಡಿ, ಬಟ್ಟೆ ವ್ಯಾಪಾರಿಯ ಪ್ರಾಮಾಣಿಕತೆಯಿಂದ ಹೇಳಿದರು: "ಆಟ ಥರ್ಡ್ ಡಿವಿಜನ್ ಐತ್ರಿ. ಒಗೆತ ಮಾತ್ರ ಫಸ್ಟ್ ಡಿವಿಜನ್!"