ಪಾಚಿಗೆ ಹೊದಿಸಿದ ಶಾಲು

ಗಿಡ ಬಡವಾದರೆ ಗೊಬ್ಬರ ಹಾಕಬೇಕೆಂದು ಸೂಲಿಬೆಲೆಯ ಚಲಪತಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನದು ತಲೆತಲಾಂತರದಿಂದ ದ್ರಾಕ್ಷಿ ಬೆಳೆದ ಮನೆ. ಆದರೆ ಆ ಗಿಡ ಮೀನಿನ ತೊಟ್ಟಿಯೊಳಗೆ ಇದ್ದರೆ ಹಾಕಬಾರದೆಂದು ಯಾರಾದರೂ ಒಂದು ಮಾತು ಹೇಳಬಹುದಾಗಿತ್ತು.

ತೊಟ್ಟಿ ಇದ್ದದ್ದು ನೆಲಮಂಗಲದ ಒಂದು ಪತ್ತಿನ ಸಂಘದಲ್ಲಿ, ಮ್ಯಾನೇಜರ್ ಮುನಿರಾಮಯ್ಯನವರ ಮೇಜಿನ ಪಕ್ಕ. ಗಾಜಿನೊಳಗೆ ಮರಳು, ಕಲ್ಲು, ದಟ್ಟವಾದ ಗಿಡಗಳು, ನಡುವೆ ಒಂದು ಕಿತ್ತಳೆ ಬಣ್ಣದ ಮೀನು, ಅದರ ಹಿಂದೆ ಮುಂದೆ ಒಂದಿಷ್ಟು ಪುಡಿ ಮೀನುಗಳು. ಗಿಡಗಳ ಹೆಸರು ಮುನಿರಾಮಯ್ಯನವರಿಗೆ ಗೊತ್ತಿರಲಿಲ್ಲ. ಬಂದವರಿಗೆಲ್ಲ "ಫಾರಿನ್ದು" ಎಂದು ಹೇಳಿ ಮುಗಿಸುತ್ತಿದ್ದರು.

ತಿರುಪತಿಗೆ ಮುಡಿ ಕೊಡಲು ಹೊರಟಾಗ ಅವರು ಗುಮಾಸ್ತ ಚಲಪತಿಯನ್ನು ಕರೆದರು. "ಸೋಮವಾರ ಸಾಯಂಕಾಲ ಬರ್ತೀನಿ. ಅಲ್ಲೀವರ್ಗೂ ತೊಟ್ಟಿ ನಿಂದು. ನೀಟಾಗಿ ನೋಡ್ಕೊಂಡಿದ್ರೆ ಅವತ್ತೇ ನಿನ್ನ ಟ್ರಾನ್ಸ್‌ಫರ್‌ಗೆ ಸೈನು."

ಚಲಪತಿಗೆ ಬೇಕಾಗಿದ್ದದ್ದು ಮನೆಗೆ ಹತ್ತಿರದ ಹೊಸಕೋಟೆ ಶಾಖೆ. ಸೂಲಿಬೆಲೆಯಿಂದ ದೇವನಹಳ್ಳಿ, ಅಲ್ಲಿಂದ ದೊಡ್ಡಬಳ್ಳಾಪುರ, ಅಲ್ಲಿಂದ ನೆಲಮಂಗಲ ಎಂದು ದಿನಾ ಬಸ್ಸು ಬದಲಿಸಿ ಅವನ ಸೊಂಟ ಸವೆದಿತ್ತು. ಸೊಂಟದ ಮಾತು ಹಾಗಿರಲಿ. ಮಗಳು ಸಿಂಚನ ಏಳುವ ಮೊದಲು ಮನೆ ಬಿಡುತ್ತಿದ್ದ, ಮಲಗಿದ ಮೇಲೆ ಮನೆ ಸೇರುತ್ತಿದ್ದ. ಭಾನುವಾರ ಎತ್ತಿಕೊಳ್ಳಲು ಹೋದರೆ ಮಗು ಅವನನ್ನು "ಮಾಮ" ಎನ್ನುತ್ತಿತ್ತು. ಮಧ್ಯಾಹ್ನ ಫೋನಿನಲ್ಲಿ ಅವನ ಮುಖ ಕಂಡರೆ ಅಳುತ್ತಿದ್ದುದರಿಂದ ಅವನು ಫೋನನ್ನು ತೊಟ್ಟಿಯ ಕಡೆ ತಿರುಗಿಸುತ್ತಿದ್ದ. ಹೆಂಡತಿ ಕವಿತ "ನೋಡು, ಅಪ್ಪ ಫೋನ್ ಮಾಡವ್ರೆ" ಅನ್ನುತ್ತಿದ್ದಳು. ಹೀಗಾಗಿ ಅಪ್ಪ ಎಂದರೆ ಕಿತ್ತಳೆ ಬಣ್ಣದ ಮೀನು ಎಂದು ಸಿಂಚನ ತಿಳಿದಿದ್ದಳು.

ಆದ್ದರಿಂದಲೇ ಅವನು ತೊಟ್ಟಿಯನ್ನು ನೀಟಾಗಿ ಅಲ್ಲ, ಭರ್ಜರಿಯಾಗಿ ಇಡಬೇಕೆಂದು ಹೊರಟ. ಮನೆಯ ದ್ರಾಕ್ಷಿ ತೋಟದ ರಸಗೊಬ್ಬರ ತಂದು ಒಂದು ಚಿಟಿಕೆ ಹಾಕಿದ. ಮನಸ್ಸು ತಡೆಯದೆ ಇನ್ನೊಂದು ಚಿಟಿಕೆ ಹಾಕಿದ. ಬಿಸಿಲು ಸಾಲದೆಂದು ತೊಟ್ಟಿಯ ಲೈಟನ್ನು ಆರಿಸದೆ ರಜೆಗೆ ಹೋದ. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಬೆಳೆ ಬಂದಿತ್ತು. ಗಿಡದ್ದಲ್ಲ, ಪಾಚಿಯದು. ನೀರು ಸೊಪ್ಪಿನ ಸಾರಿನಂತಿತ್ತು, ಗಿಡಗಳಿಗೆ ಗಡ್ಡ ಮೂಡಿತ್ತು, ಮೀನುಗಳು ಎಲ್ಲಿವೆಯೋ ದೇವರಿಗೇ ಗೊತ್ತು.

"ಮುಗೀತು ಗುರು ನಿನ್ ಕತೆ," ಎಂದು ಕ್ಯಾಷಿಯರ್ ಅಶೋಕ್ ಸಂತೋಷದಿಂದ ಫೋನು ತೆಗೆದ. "ತಡಿ, ಇಲ್ಲೊಬ್ಬ ಹೇಳ್ತಾವ್ನೆ. ಬೆಳಕಿಲ್ದಂಗೆ ಮುಚ್ಬಿಟ್ರೆ ಪಾಚಿ ಸಾಯುತ್ತಂತೆ."

"ಎಷ್ಟೊತ್ತಲ್ಲಿ?"

"ಮೂರ್ನಾಕು ದಿನ."

"ಲೇ, ಸಾಹೇಬ್ರು ಸಾಯಂಕಾಲ ಬರ್ತಾರೆ ಕಣೋ!"

"ಹಂಗಾದ್ರೆ ಡಬಲ್ ಮಡಚಿ ಮುಚ್ಚೋಣ."

ಕಚೇರಿಯಲ್ಲಿ ದಪ್ಪ ಬಟ್ಟೆ ಎಂದರೆ ವಾರ್ಷಿಕ ಸಭೆಯಲ್ಲಿ ಹೊದಿಸುವ ಸನ್ಮಾನದ ಶಾಲು ಒಂದೇ. ಜರಿ ಅಂಚಿನ ಆ ಶಾಲನ್ನು ತೊಟ್ಟಿಗೆ ಹೊದಿಸಿದರು. ಅಷ್ಟರಲ್ಲಿ ಸಾಲದ ವಿಚಾರ ಕೇಳಲು ಬಂದ ಮುದುಕಿ ಪಾಪಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಖಾಲಿ ಕುರ್ಚಿ ನೋಡಿದಳು, ಶಾಲು ಹೊದ್ದ ಪೆಟ್ಟಿಗೆ ನೋಡಿದಳು.

"ಅಯ್ಯೋ ಶಿವನೇ! ತಿರುಪತಿಗೆ ಹೋಗಿದ್ರಲ್ಲಪ್ಪಾ ಮ್ಯಾನೇಜ್ರು, ಹಿಂಗಾಗ್ಬುಡ್ತಾ! ಎಂಥಾ ಆಳು, ಇಷ್ಟೇ ಇಷ್ಟು ಆಗೋಗವ್ರಲ್ಲಾ!"

ಅವಳಿಗೆ ವಿಷಯ ತಿಳಿಸುವಷ್ಟರಲ್ಲಿ ಅವಳ ಹಿಂದೆ ಬಂದವರು ಒಂದು ಊದುಬತ್ತಿ ಹಚ್ಚಿ, ಒಂದು ಹಾರ ಹಾಕಿ ಆಗಿತ್ತು.

ಆಗ ಬಂದ ಗಂಗಣ್ಣ. ಕೆರೆಯ ಮೀನು ಹಿಡಿಯುವ ಗುತ್ತಿಗೆ ಅವನದು. ಶಾಲು ಎತ್ತಿ ಇಣುಕಿ ನಕ್ಕ. "ಏನಪ್ಪಾ, ಇಷ್ಟಕ್ಕೆ ಮುಖ ಇಳಿಬಿಟ್ಕೊಂಡು ಕೂತಿದ್ದೀಯಾ? ನಮ್ ಕೆರೆ ಹುಲ್ಲುಗೆಂಡೆ ಮೀನ್ ಒಂದ್ ಬಿಟ್ರೆ ಆಯ್ತು. ಹಸುರು ಕಂಡ್ರೆ ಅದು ಬಿಡೋದೇ ಇಲ್ಲ." ಅರ್ಧ ಗಂಟೆಯಲ್ಲಿ ಪೇಂಟ್ ಬಕೆಟ್ಟಿನಲ್ಲಿ ಮೊಳದುದ್ದದ ಮೀನು ತಂದು ತೊಟ್ಟಿಗೆ ಸುರಿದ. ಮತ್ತೆ ಶಾಲು ಮುಚ್ಚಿದರು. ಒಳಗಿನಿಂದ ಎಮ್ಮೆ ಕೆರೆಗಿಳಿದಂಥ ಸದ್ದು ಬರತೊಡಗಿತು.

"ಕೆಲ್ಸ ಮಾಡ್ತಾ ಐತೆ," ಎಂದು ಗಂಗಣ್ಣ ಮೀಸೆ ತಿರುವಿದ.

ಊಟದ ಹೊತ್ತಿಗೆ ಶಾಲು ತೆಗೆದರು. ಹುಲ್ಲುಗೆಂಡೆ ಹಸುರನ್ನು ಬಿಟ್ಟಿರಲಿಲ್ಲ, ನಿಜ. ಫಾರಿನ್ ಗಿಡಗಳನ್ನು ಬುಡಸಮೇತ ತಿಂದು ಮುಗಿಸಿತ್ತು. ಪಾಚಿಯನ್ನು ಮಾತ್ರ ಮೂಸಿಯೂ ನೋಡಿರಲಿಲ್ಲ.

ಚಲಪತಿ ನೆಲದ ಮೇಲೆ ಕುಳಿತುಬಿಟ್ಟ. ಹೊಸಕೋಟೆ ಬಸ್ಸು ಅವನ ಕಣ್ಣೆದುರೇ ಹತ್ತಿಸಿಕೊಳ್ಳದೆ ಹೋದಂತಾಯಿತು.

"ಎದ್ದೇಳಪ್ಪಾ, ಅಳೋಕೆ ಆಮೇಲೆ ಟೈಮೈತೆ," ಎಂದು ಗದರಿದವಳು ಕಸ ಗುಡಿಸುವ ಅಕ್ಕಯಮ್ಮ. "ಗಾಜು ನಾನು ತೆಂಗಿನ ನಾರಲ್ಲಿ ಉಜ್ತೀನಿ. ನೀರು ನೀನು ಬದಲಾಯ್ಸು. ಗಿಡಕ್ಕೆ ತಗೋ, ಸಾರಿಗೆ ಅಂತ ತಂದಿದ್ದ ಹೊನಗೊನ್ನೆ ಸೊಪ್ಪೈತೆ. ಕೆರೆ ಅಂಚಲ್ಲಿ ಬೆಳೆಯೋದೇ ಅಲ್ವಾ, ಸಿಗಿಸ್ಬಿಡು."

ಬೇರೆ ದಾರಿ ಇರಲಿಲ್ಲ. ಹುಲ್ಲುಗೆಂಡೆ ಗಂಗಣ್ಣನ ಜೊತೆ ಅವನ ಮನೆಯ ಸಾರಿಗೆ ಹೊರಟಿತು. ಉಳಿದ ಮೀನುಗಳು ಕುಡಿಯುವ ನೀರಿನ ಕ್ಯಾನಿಗೆ ಹೋದವು. ಅದರ ನಲ್ಲಿಗೆ ಲೋಟ ಹಿಡಿದ ಪಾಪಮ್ಮ ಎರಡನೆಯ ಸಲ ಶಿವನನ್ನು ಕರೆದಳು. ಬಗ್ಗಿ ಎದ್ದು ಬಗ್ಗಿ ಎದ್ದು ನೀರು ಹೊತ್ತು, ಮರಳು ತೊಳೆದು, ಸೊಪ್ಪನ್ನು ಕಡ್ಡಿ ಕಡ್ಡಿಯಾಗಿ ನೆಟ್ಟು, ಮೀನು ಬಿಟ್ಟು, ನೆಲಕ್ಕೆ ಚೆಲ್ಲಿದ ಪಾಚಿ ನೀರನ್ನು ಕೈಗೆ ಸಿಕ್ಕ ಶಾಲಿನಲ್ಲೇ ಒರೆಸುವಷ್ಟರಲ್ಲಿ ಬಾಗಿಲಲ್ಲಿ ಬೋಳು ತಲೆಯೊಂದು ಹೊಳೆಯಿತು.

ಮುನಿರಾಮಯ್ಯನವರು ಲಾಡು ಮೇಜಿನ ಮೇಲಿಟ್ಟು ತೊಟ್ಟಿಯ ಮುಂದೆ ಬಗ್ಗಿದರು. ಚಲಪತಿ ಕಣ್ಣು ಮುಚ್ಚಿದ.

"ಏನಯ್ಯಾ ಇದು! ನಾನಿದ್ದಾಗ್ಲೂ ಗಾಜಿನ ಮೇಲೆ ಅಷ್ಟಿಷ್ಟು ಪಾಚಿ ಇರ್ತಿತ್ತು. ಈಗ ಹುಡುಕಿದ್ರೂ ಸಿಗ್ತಿಲ್ವಲ್ಲಾ! ಗಿಡ ನೋಡು ಹೆಂಗೆ ಚಿಗುರವೆ! ಫಾರಿನ್ದು ಅಂದ್ರೆ ಫಾರಿನ್ದೇ!"

ಅಲ್ಲೇ ನಿಂತು ಸಂಘದ ಅಧ್ಯಕ್ಷರಿಗೆ ಫೋನು ಹಚ್ಚಿದರು. "ಸಾರ್, ನಿಮ್ಮ ಛತ್ರದ ಕೊಳ ಪಾಚಿ ಕಟ್ಟಿ ಮದ್ವೆಯೋರು ಫೋಟೋ ತೆಗೆಸ್ಕೊಳ್ತಿಲ್ಲ ಅಂತಿದ್ರಲ್ಲಾ? ಆಳು ಸಿಕ್ಕಿದ. ನಾಳೆಯಿಂದ್ಲೇ ಕಳಿಸ್ತೀನಿ." ಫೋನಿಟ್ಟು ಚಲಪತಿಯ ಬೆನ್ನು ತಟ್ಟಿದರು. "ಕೊಟ್ಟ ಮಾತು ತಪ್ಪೋನಲ್ಲ ನಾನು. ಟ್ರಾನ್ಸ್‌ಫರ್ ಅಂದೆ, ಟ್ರಾನ್ಸ್‌ಫರ್! ಶಿವಗಂಗೆ ಹತ್ರದ ಶಾಖೆಗೆ. ಓಡಾಡೋ ಕಷ್ಟಾನೂ ಇಲ್ಲ, ಛತ್ರದಲ್ಲೇ ರೂಮು."

ನೆಲಮಂಗಲದಿಂದ ಸೂಲಿಬೆಲೆ ಪೂರ್ವಕ್ಕೆ, ಶಿವಗಂಗೆ ಪಶ್ಚಿಮಕ್ಕೆ. ಇದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಎಂದುಕೊಂಡ ಚಲಪತಿ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. "ಸಾರ್, ಪಾಚಿ ಬರ್ಸಿದ್ದೇ ನಾನು. ನಿಮ್ಮ ಗಿಡ ಕೆರೆ ಮೀನು ತಿಂದೋಯ್ತು. ಇದು ಹೊನಗೊನ್ನೆ ಸೊಪ್ಪು ಸಾರ್, ಅಕ್ಕಯಮ್ಮನ ಸಾರಿಂದು!"

ಮುನಿರಾಮಯ್ಯನವರು ಬಗ್ಗಿ ಸೊಪ್ಪನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಮತ್ತೆ ಫೋನು ಎತ್ತಿದರು.

"ಸಾರ್, ಇನ್ನೊಂದ್ ಮಾತು. ಇವ್ನಿಗೆ ಪಾಚಿ ತೆಗೆಯೋದಷ್ಟೇ ಅಲ್ಲ, ಬೆಳೆಸೋದೂ ಗೊತ್ತು. ಫಾರಿನ್ ಗಿಡಾನೂ ಊರ ಸೊಪ್ಪಲ್ಲೇ ಮಾಡ್ತಾನೆ, ಬಿಡಿಗಾಸಿನ ಖರ್ಚಿಲ್ದಂಗೆ! ಇವ್ನು ಅಲ್ಲೇ ಪರ್ಮನೆಂಟಾಗಿ ಇರ್ಲಿ." ಆಮೇಲೆ ಕೂಗಿದರು. "ಅಶೋಕ, ಸನ್ಮಾನದ ಶಾಲು ತಾರಯ್ಯಾ!"

ಅಶೋಕ್ ನೆಲದಿಂದ ಎತ್ತಿ, ಹಿಂಡಿ, ತಂದುಕೊಟ್ಟ. ಕೆರೆಯ ವಾಸನೆಯ ಒದ್ದೆ ಶಾಲು ಚಲಪತಿಯ ಹೆಗಲೇರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕಯಮ್ಮ ಮಾತ್ರ, "ನನ್ ಸಾರಿಗೇನಪ್ಪಾ?" ಎಂದಳು.

ಆಗಲೇ ಕವಿತಳ ವೀಡಿಯೋ ಕರೆ ಬಂತು. "ಸೈನ್ ಆಯ್ತಾ? ಸಿಂಚನ ಎದ್ದವಳೆ, ಅವ್ಳಿಗೇ ಹೇಳಿ," ಎಂದು ಫೋನನ್ನು ಮಗಳ ಮುಂದೆ ಹಿಡಿದಳು.

ಮಗು ಹಸುರು ನೀರು ತೊಟ್ಟಿಕ್ಕುವ ಆ ಮುಖವನ್ನು ನೋಡಿತು. ಇವತ್ತು ಅಳಲಿಲ್ಲ. ಅವನ ಭುಜದ ಹಿಂದೆ ತೊಟ್ಟಿಯಲ್ಲಿ ಕಿತ್ತಳೆ ಬಣ್ಣ ಸುಳಿದಾಡಿದ್ದು ಕಂಡು ಕುಣಿಯಿತು.

"ಮಾಮ, ಪಕ್ಕಕ್ಕೋಗು. ಅಪ್ಪ ಕಾಣ್ತಿಲ್ಲ."

ಚಲಪತಿ ಶಾಲು ಸರಿಮಾಡಿಕೊಂಡು ಪಕ್ಕಕ್ಕೆ ಸರಿದ.