ಫ್ಲಾಪಿಯಲ್ಲಿ ಬಂದ ಬ್ರೌಸರ್

ಭಾವಮೈದುನನ ಕಚೇರಿಯಲ್ಲಿ ಬೇಡವಾದ ಕಂಪ್ಯೂಟರು ಗೋಪಾಲ ಮಾಸ್ತರರ ಮನೆ ಸೇರಿದಾಗ ಅದಕ್ಕೆ ಎಂಟು ವರ್ಷ. ಹೆಂಡತಿ ರುಕ್ಮಿಣಿಬಾಯಿ ಅದಕ್ಕೆ ಕಸೂತಿಯ ಮುಸುಕು ಹೊಲಿದಿದ್ದರು. ಮುಸುಕು ತೆಗೆದು ಸ್ವಿಚ್ ಒತ್ತಿದರೆ, ಶಹಾಬಾದಿನ ಫರ್ಸಿ ಕಲ್ಲು ಹೇರಿಕೊಂಡು ದಿಬ್ಬ ಹತ್ತುವ ಲಾರಿಯಂತೆ ಗುರುಗುಟ್ಟುತ್ತಿತ್ತು.

೨೦೦೪ರ ಮೇ ತಿಂಗಳ ಕೊನೆ. ಮಾಸ್ತರರ ಶಿಕ್ಷಣ ಸಂಸ್ಥೆಯ ವರ್ಗಾವಣೆ ಪಟ್ಟಿ ಮೊದಲ ಸಲ ಇಂಟರ್ನೆಟ್ಟಿನಲ್ಲಿ ಬರುವ ದಿನ. ಸೇಡಂನಿಂದ ಚಿಂಚೋಳಿಗೆ ಹನ್ನೊಂದು ವರ್ಷ ಬಸ್ಸಿನಲ್ಲಿ ನಿಂತೇ ಹೋಗಿಬಂದವರು ಅವರು. ಈಗ ಸೇಡಂ ಶಾಲೆಯಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ಆ ಶಾಲೆಯ ಗಂಟೆ ಅವರ ಅಡುಗೆಮನೆಗೇ ಕೇಳಿಸುತ್ತಿತ್ತು.

ಹತ್ತು ಗಂಟೆಗೆ ಫೋನಿನ ತಂತಿ ಕಿತ್ತು ಕಂಪ್ಯೂಟರಿಗೆ ಸಿಕ್ಕಿಸಿದರು. ಬ್ರೌಸರು ಅರ್ಧ ಪುಟ ತೋರಿಸಿ ಕಲ್ಲಾಯಿತು.

ಸುದ್ದಿ ತಿಳಿದು, ಟೈಪಿಂಗ್ ಅಂಗಡಿಯ ಶೌಕತ ಅಲಿ ಗಿರಾಕಿಗಳನ್ನು ಬಿಟ್ಟು ಸಿ.ಡಿ. ಹಿಡಿದು ಬಂದ. ಸೇಡಂನಿಂದ ಅದೇ ಬಸ್ಸಿನಲ್ಲಿ ಹೋಗಿಬರುವ, ಚಿಂಚೋಳಿ ಶಾಲೆಯ ಕಿರಿಯ ಮಾಸ್ತರ ಸಂಗಣ್ಣನೂ ಬಂದ. ಅದೇ ಜಾಗಕ್ಕೆ ಆತನೂ ಅರ್ಜಿ ಹಾಕಿದ್ದ. ಆದರೂ ಹಿರಿಯರ ಹೆಸರು ಮೊದಲು ನೋಡೋಣ ಎಂದು ಬೀಸಣಿಗೆ ಹಿಡಿದು ಕಂಪ್ಯೂಟರಿಗೆ ಗಾಳಿ ಹಾಕುತ್ತ ಕುಳಿತ.

ಶೌಕತ ಅಲಿ ಹಾಕಿದ ಹೊಸ ಬ್ರೌಸರಿಗೆ ಕಂಪ್ಯೂಟರು ಏದುಸಿರು ಬಿಟ್ಟಿತು. ಸಂಗಣ್ಣ ಹೇಳಿದ್ದನ್ನು ಹಾಕಿದರೆ ಪೂರಾ ಮೂರ್ಛೆ ಹೋಯಿತು. ಎಬ್ಬಿಸುವಷ್ಟರಲ್ಲಿ ಎರಡು ಸಲ ಚಹಾ, ಒಂದು ಸಲ ರೊಟ್ಟಿ-ಪುಂಡಿಪಲ್ಯ ಆಗಿತ್ತು.

"ನಮ್ಮಕ್ಕ ಫೋನ್ ಹಚ್ಚತಾಳ, ಆ ತಂತಿ ಒಂದೀಟು ಬಿಡ್ರಿ" ಎಂದರು ರುಕ್ಮಿಣಿಬಾಯಿ.

"ಫೋನ್ ನಾಳಿಗೂ ಬರ್ತದ. ವರ್ಗ ಬರೋದು ಒಮ್ಮೆ" ಎಂದರು ಮಾಸ್ತರರು.

ಮೂರಕ್ಕೆ ಸಂಗಣ್ಣ, ಮನೆಯಲ್ಲಿ ಎಮ್ಮೆ ಹಿಂಡಬೇಕೆಂದು ಎದ್ದು ಹೋದ. ಶೌಕತ ಅಲಿ ಅಂಗಡಿಗೆ ಓಡಿ, ಹಳೆಯ ಪೆಟ್ಟಿಗೆಯ ತಳದಿಂದ ಒಂದು ಫ್ಲಾಪಿ ಹುಡುಕಿ ತಂದ. ಅದರಲ್ಲಿದ್ದ ಬ್ರೌಸರು ಚಿತ್ರ ತೋರಿಸುತ್ತಿರಲಿಲ್ಲ, ಬಣ್ಣ ತೋರಿಸುತ್ತಿರಲಿಲ್ಲ, ಬರೀ ಅಕ್ಷರ. ಆದರೆ ರೊಟ್ಟಿ ಉಬ್ಬುವಷ್ಟರಲ್ಲಿ ಪಟ್ಟಿ ಮುಂದಿತ್ತು.

ಮೊದಲ ಹೆಸರು ಗೋಪಾಲ ಮಾಸ್ತರರದೇ. ರುಕ್ಮಿಣಿಬಾಯಿ ಸಕ್ಕರೆ ಡಬ್ಬಿಗೆ ಕೈ ಹಾಕಿದರು. ಶೌಕತ ಅಲಿ ಕೆಳಗಿನ ಸಾಲನ್ನು ಓದಿದ: ಮೊದಲ ಹೆಸರಿನವರ ಒಪ್ಪಿಗೆಯನ್ನು ಇಂದು ನಾಲ್ಕು ಗಂಟೆಯೊಳಗೆ ಫೋನಿನಲ್ಲಿ ಕೇಳಲಾಗುವುದು, ಸಿಗದಿದ್ದರೆ ಎರಡನೆಯವರಿಗೆ ಜಾಗ.

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು.

ಮಾಸ್ತರರು ತಂತಿ ಕಿತ್ತು ಫೋನಿಗೆ ಸಿಕ್ಕಿಸಿದ್ದೇ ತಡ, ಗಂಟೆ ಬಾರಿಸಿತು. ಸಂಗಣ್ಣ.

"ಸರ್, ನಾಲ್ಕಕ್ಕ ಆಫೀಸಿನವ್ರು ಫೋನ್ ಹಚ್ಚಿದ್ರು. ನಿಮಗ ಕೇಳದ ಹೂಂ ಅನಬಾರದಂತ ಆಗಿನಿಂದ ನಿಮ್ಮ ನಂಬರ್ ತಿರುಗಿಸಾಕತ್ತೀನಿ, ಹತ್ತಲೇ ಇಲ್ರಿ. ಕಡೀಗೆ ಅವರೇ ಮತ್ತ ಹಚ್ಚಿ ನನ್ನ ಹೆಸರು ಬರ್ಕೊಂಡ್ರು. ಬಸ್ಸಿನ್ಯಾಗ ನಾ ದಿನಾ ಟವೆಲ್ ಹಾಕಿ ಹಿಡಿಯೋ ಕಿಟಕಿ ಸೀಟು ಅದಲ್ರಿ, ಅದಿನ್ನ ನಿಮದು. ಕಂಡಕ್ಟರಗ ನಾ ಹೇಳ್ತೀನಿ."

ಮಾಸ್ತರರು ಫೋನಿಟ್ಟು ಕಂಪ್ಯೂಟರಿಗೆ ಮುಸುಕು ಹೊದಿಸಿದರು. ಶೌಕತ ಅಲಿ ಫ್ಲಾಪಿಯನ್ನು ಜೇಬಿಗಿಳಿಸುತ್ತ ಮೆಲ್ಲಗೆ ಹೇಳಿದ:

"ಏನರೆ ಅನ್ರಿ ಮಾಸ್ತರ, ಬ್ರೌಸರ್ ಮಾತ್ರ ಭಾಳ ಹಗುರ ಅದ."