ಗುಡಿಸುವ ಮುಂಚಿನ ಒಂದು ಮಾತು

ಇಂದ,
ಮುಸ್ಕಾನ ತಂದೆ ಅಬ್ದುಲ್ ಗನಿ,
ಕೊಳಕೂರ, ತಾ. ಜೇವರ್ಗಿ.

ಗೆ,
ಮಾನ್ಯ ಅಧ್ಯಕ್ಷರು (ಶ್ರೀ ವಿಶ್ವಾರಾಧ್ಯ ಸರ್),
‘ರಾಶಿ’ ಕನ್ನಡ ಕೈಪಿಡಿ ಬಳಗ, ಆಳಂದ.

ವಿಷಯ: ಕೈಪಿಡಿಯಲ್ಲಿ ಒಂದೇ ಮಾತನ್ನು ಐದು ಕಡೆ ಬರೆಯುವುದನ್ನು ನಿಲ್ಲಿಸಿದ ತರುವಾಯ ತಲೆದೋರಿದ ಒಂದು ಸಣ್ಣ ತೊಂದರೆಯ ನಿವಾರಣೆ ಕೋರಿ.

ಉಲ್ಲೇಖ: 1) ಆಳಂದದಲ್ಲಿ ತಮ್ಮ ಮನೆಯ ಕಟ್ಟೆಯ ಮೇಲೆ ನಡೆದ ವಾದ.
2) ಅಫಜಲಪುರದ ಸಭೆಯ ಸರ್ವಾನುಮತದ ನಿರ್ಣಯ (ಜಗಳದ ನಂತರದ್ದು).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರಳು ಸಂಗತಿಯನ್ನು ಮೊದಲಿನಿಂದ ನಿವೇದಿಸಿಕೊಳ್ಳುತ್ತಾಳೆ. ಇದರಲ್ಲಿ ಅರ್ಧ ತಮಗೆ ಗೊತ್ತಿದೆ. ಆದರೆ ತಾವು ಇದನ್ನು ಬಳಗದವರಿಗೆಲ್ಲ ಓದಿ ಹೇಳಬೇಕಾಗುವ ಕಾರಣ ಪೂರ್ತಿ ಬರೆಯಲಾಗಿದೆ.

1. ಅರ್ಜಿದಾರಳು ಕೊಳಕೂರಿನ ರೊಟ್ಟಿ ಸಂಘಕ್ಕೆ ಒಂದು ಆ್ಯಪ್ ಮಾಡುತ್ತಿದ್ದಳು. ಜೇವರ್ಗಿಯ ಖಾನಾವಳಿಗಳಿಂದ ಬೇಡಿಕೆ ಬಂದ ಕೂಡಲೇ ಫೋನು ಬಾಯಿಬಿಟ್ಟು ಕೂಗಬೇಕು. ಯಾಕೆಂದರೆ ರೊಟ್ಟಿ ಬಡಿಯುವವರ ಕೈತುಂಬ ಹಿಟ್ಟಿರುತ್ತದೆ, ಫೋನು ಮುಟ್ಟುವಂತಿಲ್ಲ. ಕೂಗುವ ದನಿ ಸಂಘದ ಹಿರಿಯಳಾದ ಭಾಗಮ್ಮನದು. ‘ಏ, ಮಾತು ಸಾಕು ಮಾಡ್ರಿ, ಐವತ್ತು ರೊಟ್ಟಿ ಬಂದಾವ!’ ಎಂದು ಆಕೆ ಕೂಗಿದರೆ ಮಲಗಿದ್ದ ನಾಯಿಯೂ ಎದ್ದು ನಿಲ್ಲುತ್ತಿತ್ತು. ಇಂಥ ಹಲವು ಕೂಗುಗಳನ್ನು ಅರ್ಜಿದಾರಳು ರೆಕಾರ್ಡ್ ಮಾಡಿ, ಫೋನಿನಲ್ಲಿ ಜಾಗವಿಲ್ಲದ ಕಾರಣ ಲ್ಯಾಪ್‌ಟಾಪಿನಲ್ಲಿ ಆ್ಯಪಿನ ಕಡತಗಳ ಜೊತೆ ಮಾತ್ರ ಇಟ್ಟುಕೊಂಡಿದ್ದಳು.

2. ಬರೆದ ಪ್ರೋಗ್ರಾಮಿನ ಚೂರುಗಳನ್ನೆಲ್ಲ ಕೂಡಿಸಿ ಓಡುವ ಆ್ಯಪ್ ಮಾಡಿಕೊಡುವುದೇ ‘ರಾಶಿ’ಯ ಕೆಲಸವೆಂಬುದು ತಮಗೆ ತಿಳಿದ ವಿಷಯ. ತೊಗರಿ ರಾಶಿ ಮಾಡಿದ ಮೇಲೆ ಹೊಟ್ಟು ಉಳಿಯುವ ಹಾಗೆ ಇಲ್ಲಿಯೂ ಹಳೆಯ ಕಸ ಉಳಿಯುತ್ತದೆ. ಅದಕ್ಕೆ ‘ಗುಡಿಸು’ ಎಂಬ ಆಜ್ಞೆ ಕೊಡಬೇಕು. ಅರ್ಜಿದಾರಳು ಕೈಪಿಡಿ ತೆರೆದಳು. ಅಫಜಲಪುರದ ಶ್ರೀ ನದೀಮ ಅವರು ಬರೆದ ಪುಟದಲ್ಲಿ, ‘ಧೈರ್ಯವಾಗಿ ಗುಡಿಸಿ. ಕಸದ ಹೊರತು ಏನೂ ಹೋಗುವುದಿಲ್ಲ’ ಎಂದಿತ್ತು. ಆದ್ದರಿಂದ ಧೈರ್ಯವಾಗಿ ಗುಡಿಸಿದಳು. ಭಾಗಮ್ಮನ ದನಿಯೆಲ್ಲ ಹೋಯಿತು.

3. ಮತ್ತೊಮ್ಮೆ ರೆಕಾರ್ಡ್ ಮಾಡಿದರಾಯಿತೆಂದು ತಾವು ಹೇಳಬಹುದು. ಅಷ್ಟರೊಳಗೆ ಭಾಗಮ್ಮ ಇದ್ದಬದ್ದ ಹಲ್ಲು ಕೀಳಿಸಿ ಹೊಸ ಕಟ್ಟು ಹಾಕಿಸಿಕೊಂಡಿದ್ದಳು. ಅರ್ಜಿದಾರಳು ಹೋಗಿ ನಿಂತಾಗ ಆಕೆ ಸೆರಗು ಬಾಯಿಗೆ ಹಿಡಿದು ಹೇಳಿದ್ದಿಷ್ಟು:

“ಸುಮ್ನ ಹೋಗ ಬೇ. ಈ ಹಲ್ಲು ನನಗಿನ್ನಾ ಕೂಡಿಲ್ಲ. ಮಾತಾಡಿದ್ರ ಸೀಟಿ ಹೊಡೀತದ. ಊರಾಗಿನ ಮಂದಿ ನಗಬೇಕೇನು?”

ಅರ್ಜಿದಾರಳಿಗೆ ಅಳು ಬಂತು. ಹೊರಗೆ ಬಂದ ಮೇಲೆ ನಗುವೂ ಬಂತು. ಆದರೆ ಆ್ಯಪ್ ಮಾತ್ರ ಮೂಕವಾಗಿ ಉಳಿಯಿತು.

4. ತಪ್ಪು ಯಾರದೆಂದು ನೋಡಲಾಗಿ ಕಂಡುಬಂದದ್ದೇನೆಂದರೆ: ಗುಡಿಸುವ ಬಗೆಗಿನ ಮಾತು ಕೈಪಿಡಿಯ ಐದು ಪುಟಗಳಲ್ಲಿ ಇತ್ತು. ರಾಶಿಯ ಹೊಸ ಆವೃತ್ತಿಯಲ್ಲಿ ಫೋಲ್ಡರಿನ ಹೆಸರು ಹೇಳದೆ ಗುಡಿಸಿದರೆ ಎಲ್ಲವೂ ಹೋಗುತ್ತದೆ. ಇದನ್ನು ಮೂರು ಪುಟಗಳಲ್ಲಿ ತಿದ್ದಿದ್ದರು, ಎರಡರಲ್ಲಿ ಮರೆತಿದ್ದರು. ಅರ್ಜಿದಾರಳು ಓದಿದ್ದು ಮರೆತ ಪುಟ. ಆದಕಾರಣ ತಪ್ಪು ಒಬ್ಬರದಲ್ಲ, ಐದು ಸಲ ಬರೆದದ್ದರದು.

5. ಈ ಕುರಿತು ಪತ್ರ ಬರೆದರೆ ಉತ್ತರ ಬರಲಿಲ್ಲವಾದ್ದರಿಂದ ಅರ್ಜಿದಾರಳು ಬಸ್ಸು ಹತ್ತಿ ಆಳಂದಕ್ಕೆ ಬಂದಳು. ತಾವು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟು ಹೀಗೆ ಅಪ್ಪಣೆ ಕೊಡಿಸಿದಿರಿ:

“ನೋಡವ್ವಾ, ಮೂವತ್ತು ವರ್ಷ ಪಾಠ ಹೇಳೀನಿ. ಒಂದು ಮಾತು ಐದು ಸಲ ಹೇಳಿದ್ರಷ್ಟೇ ಹುಡುಗರ ತಲ್ಯಾಗ ಕೂಡತದ.”

“ಖರೆ ಅದರಿ ಸರ್. ಆದ್ರ ನೀವು ಐದು ಸಲ ಒಂದೇ ಮಾತು ಹೇಳ್ತಿದ್ರಿ. ಇಲ್ಲಿ ಮೂರು ಸಲ ಹೋಗ್ತದ ಅಂತದ, ಎರಡು ಸಲ ಹೋಗಲ್ಲ ಅಂತದ.”

ಒಳಗಿನಿಂದ ಮನೆಯ ಯಜಮಾನಿ ಗಂಗಾಬಾಯಿಯವರು, “ಆ ಹುಡುಗಿ ಹೇಳೋದು ಬರೋಬ್ಬರಿ ಅದ, ಒಪ್ಪಿಕೊಳ್ರಿ” ಎಂದ ಮೇಲೆ, ಮಾತನ್ನು ಒಂದೇ ಕಡೆ ಬರೆದಿಟ್ಟು ಉಳಿದ ಪುಟಗಳಿಗೆ ಅಲ್ಲಿಂದಲೇ ತಾನಾಗಿ ಬಂದು ಕೂರುವಂತೆ ಮಾಡಲು ತಾವು ಸಮ್ಮತಿಸಿದಿರಿ. ಒಂದು ಷರತ್ತು ಹಾಕಿದಿರಿ: ನದೀಮ ಒಪ್ಪಬೇಕು.

6. ನದೀಮ ಅವರ ಕಂಪ್ಯೂಟರ್ ತರಬೇತಿಯ ಅಂಗಡಿ ಅಫಜಲಪುರದ ಬಸ್ ನಿಲ್ದಾಣದ ಎದುರಿಗಿದೆ. ಧ್ವನಿ ಕಳೆದುಹೋದದ್ದು ಕೇಳಿ ಅವರು ಎರಡೂ ಕಿವಿ ಹಿಡಿದುಕೊಂಡರು. ಆದರೆ ಪುಟದ ಮಾತು ಬಂದಾಗ ಮುಖ ಇಳಿಯಿತು.

“ಮುಸ್ಕಾನ, ನನ್ನ ಪುಟದಾಗ ಇರೋದೆಲ್ಲ ಸರ್ ಪುಟದಾಗೂ ಅದ. ನೀ ಹೇಳಿದಂಗ ಮಾಡಿದ್ರ ಅಲ್ಲಿ ಅವರ ಮಾತು ಬಂದು ಕೂಡತದ. ನನ್ನದು ಹೆಸರೊಂದೇ ಉಳೀತದ. ಅಮ್ಮೀಜಾನ್ ಆ ಪುಟ ಬೀಗರಿಗೆಲ್ಲ ತೋರಿಸ್ಯಾಳ.”

ಅವರ ತಾಯಿ ವಜೀರುನ್ನಿಸಾ ಕಂಪ್ಯೂಟರ್ ಮುಟ್ಟಿದವರಲ್ಲ. ಮಗನ ಹೆಸರು ಎಲ್ಲಿದೆಯೆಂದು ಮಾತ್ರ ಬೆರಳಿಟ್ಟು ತೋರಿಸಬಲ್ಲರು. ಕಸ ತೆಗೆಯಲು ಹೋಗಿ ತಾನೂ ಒಬ್ಬರದೇನನ್ನೋ ಗುಡಿಸಿ ಹಾಕುತ್ತಿದ್ದೇನಲ್ಲ ಎಂದು ಅರ್ಜಿದಾರಳಿಗೆ ಅನ್ನಿಸಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಕಲಿಯುತ್ತಿದ್ದ ಹುಡುಗಿಯೊಬ್ಬಳು, ತನ್ನ ಅರ್ಧ ರಾಶಿ ಹಾಳಾಯಿತೆಂದು ಬಾಯಿ ಮಾಡಿದಳು. ನದೀಮ ನಗುತ್ತ ಎದ್ದು ಹೋಗಿ, ಕರೆಂಟು ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಸುವುದು ಹೇಗೆಂದು ಆಕೆಗೆ ಬಿಡಿಸಿ ಹೇಳಿದರು. ಅರ್ಜಿದಾರಳು ಕಿವಿಗೊಟ್ಟು ಕೇಳಿದಳು.

“ಭಾಯಿ, ಇದನ್ನ ಕೈಪಿಡಿಯಾಗ ಎಲ್ಲಿ ಬರದೀರಿ?”

“ಇದೇನು ಬರಿಯೋದು? ದಿನಾ ಆಗೋದು ಇದು.”

“ದಿನಾ ಆಗೋದೇ ಐದೂ ಪುಟದಾಗ ಇಲ್ಲಲ್ರಿ!”

“ಹಂಗಾದ್ರ ಇದು ನನ್ನ ಪುಟ. ಹಳೇದು ನೀ ಹೇಳಿದಂಗ ಮಾಡು” ಎಂದರು ನದೀಮ. ಆಮೇಲೆ ಕತ್ತಲ ಅಂಗಡಿಯಲ್ಲೇ ಫೋನು ತೆಗೆದು ಬರೆಯಲು ಕೂತುಬಿಟ್ಟರು. ‘ಕರೆಂಟು ಹೋದಾಗ’ ಎಂಬ ಆ ಪುಟವನ್ನೇ ಈಗ ಕೈಪಿಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಓದುತ್ತಿದ್ದಾರೆ.

7. ಮುಂದೆ ಅದೇ ಅಂಗಡಿಯಲ್ಲಿ ಸಭೆ ಸೇರಿತು. ತಾವು ‘ಎಚ್ಚರ ವಹಿಸತಕ್ಕದ್ದು’ ಎಂದಿರಿ, ನದೀಮ ‘ಜ್ವಾಕಿ’ ಎಂದರು. ಇಬ್ಬರದನ್ನೂ ಸೇರಿಸಿದಾಗ ಎಚ್ಚರಿಕೆ ಒಂದು ಪುಟ ದಾಟಿತು. ಹೊಗೆಯಾಡುವ ಭಜಿ ಬಂದ ಮೇಲೆ ಎಲ್ಲರೂ ಮೆತ್ತಗಾಗಿ ಇಷ್ಟಕ್ಕೇ ನಿಂತಿತು: ‘ಜ್ವಾಕಿ! ಫೋಲ್ಡರಿನ ಹೆಸರು ಹೇಳದೆ ಗುಡಿಸಿದರೆ ಎಲ್ಲವೂ ಹೋಗುತ್ತದೆ.’ ಅದನ್ನು ಒಂದೇ ಕಡೆ ಬರೆಯಲಾಯಿತು. ಐದೂ ಪುಟಗಳಲ್ಲಿ ಕಾಣಿಸಿಕೊಂಡಾಗ ತಾವೇ ಮೊದಲು ಚಪ್ಪಾಳೆ ತಟ್ಟಿದಿರಿ.

8. ಭಾಗಮ್ಮನನ್ನು ಒಪ್ಪಿಸಿದ್ದು ಸಂಘದ ಹೆಂಗಸರು. “ನಿನ್ನ ದನಿ ಇಲ್ಲದ ಫೋನು ನಮಗ್ಯಾಕ ಬೇಕು” ಎಂದು ಹಟ ಹಿಡಿದರು. ಆಕೆ ಮುನಿಸಿನಲ್ಲೇ ಕೂಗಿ ಕೊಟ್ಟಳು. ಮೊದಲ ಬೇಡಿಕೆ ಬಂದಾಗ ಫೋನು ‘ಐವತ್ತು ರೊಟ್ಟಿ’ ಎಂದು ಸೀಟಿ ಹೊಡೆದದ್ದಕ್ಕೆ ಪಕ್ಕದ ಮನೆಯ ಹಮೀದಾಬೇಗಂ ಕುಕ್ಕರ್ ಇಳಿಸಲು ಓಡಿದರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಭಾಗಮ್ಮ, ಅದೂ ಸೆರಗು ಬಾಯಿಗಿಡದೆ.

9. ಹೀಗಿರಲಾಗಿ, ಎರಡು ಸಲ ಬರುವುದೆಲ್ಲವನ್ನೂ ಒಂದೇ ಕಡೆ ಇಡಬೇಕೆಂಬ ನಿರ್ಣಯದಂತೆ ತಾವು ಅರ್ಜಿದಾರಳನ್ನು ಕೈಪಿಡಿಯ ಸಂಪಾದಕಿಯಾಗಿ ನೇಮಿಸಿ, ಆಕೆಯ ಹೆಸರನ್ನೂ ಒಂದೇ ಕಡೆ ಬರೆದು, ಎಲ್ಲ ಪುಟಗಳ ಕೆಳಗೆ ಬರುವಂತೆ ಮಾಡಿದಿರಿ. ಈ ಗೌರವಕ್ಕೆ ಅರ್ಜಿದಾರಳು ಚಿರಋಣಿ. ಆದರೆ ತಾವು ಅದನ್ನು ಫೋನಿನಲ್ಲಿ ಬರೆದ ಕಾರಣ, ಫೋನು ತನ್ನ ಬುದ್ಧಿ ಉಪಯೋಗಿಸಿದ ಕಾರಣ, ಸದ್ಯ ಕೈಪಿಡಿಯ ಪ್ರತಿಯೊಂದು ಪುಟದ ಕೆಳಗೂ ‘ಸಂಪಾದಕಿ: ಕು. ನುಕ್ಸಾನ’, ಅಂದರೆ ಕುಮಾರಿ ನಷ್ಟ, ಎಂದಿದೆ. ‘ಎಲ್ಲವೂ ಹೋಗುತ್ತದೆ’ ಎಂಬ ಸಾಲಿನ ಕೆಳಗೂ ಅದೇ ಇದೆ. ಎಚ್ಚರಿಕೆಗೆ ಇದಕ್ಕಿಂತ ಛಲೋ ಸಹಿ ಸಿಗುವುದಿಲ್ಲವೆಂದು ನದೀಮ ಅವರ ಅಭಿಪ್ರಾಯ. ಅರ್ಜಿದಾರಳ ತಂದೆ ಅಬ್ದುಲ್ ಗನಿಯವರ ಅಭಿಪ್ರಾಯ ಬೇರೆ ಇದೆ.

ಆದ್ದರಿಂದ ಮಾನ್ಯರು ದಯವಿಟ್ಟು ಸದರಿ ಹೆಸರನ್ನು ಸರಿಪಡಿಸಿಕೊಡಬೇಕಾಗಿ ಪ್ರಾರ್ಥನೆ. ಒಂದೇ ಕಡೆ ತಿದ್ದಿದರೆ ಸಾಕು, ಎಲ್ಲ ಕಡೆಯೂ ಸರಿಯಾಗುತ್ತದೆ. ಅರ್ಜಿದಾರಳು ಇಷ್ಟು ದಿನ ಬಸ್ಸು ಹತ್ತಿ ಇಳಿದು ವಾದಿಸಿದ್ದು ಇದನ್ನೇ.

ತಮ್ಮ ವಿಶ್ವಾಸಿ,
(ಸದ್ಯಕ್ಕೆ ಎರಡೂ ಹೆಸರಿನವಳು)
ಮುಸ್ಕಾನ

ಸ್ಥಳ: ಕೊಳಕೂರ

ಅಡಕಗಳು:
1. ಆಧಾರ್ ಕಾರ್ಡಿನ ನಕಲು (ಹೆಸರು ಸರಿಯಿದೆ).
2. ಭಾಗಮ್ಮನ ಹೊಸ ಕೂಗು. ಕೇಳುವ ಮುನ್ನ ಮನೆಯಲ್ಲಿ ಕುಕ್ಕರ್ ಇಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು.
3. ತಮ್ಮ ಮನೆಯವರಿಗೆ ಒಂದು ಕಟ್ಟು ಕಡಕ್ ರೊಟ್ಟಿ.

ವಿ.ಸೂ.: ತಿದ್ದುವಾಗ ಫೋನು ಬಳಸಬಾರದಾಗಿ ವಿನಂತಿ.